ಮೂಗಿನ ಮೂಲಕ ಫೆಂಟನಿಲ್: ದೊಡ್ಡವರಿಗೆ ಎರಡು ಎಂಎಲ್ ಹೇಗೆ ಹಿಡಿಸುವುದು?

ತುರ್ತುಕೋಣೆ_ಪುಣೆ

ಎಲ್ಲರಿಗೂ ನಮಸ್ಕಾರ. ಪುಣೆಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯ ಎಮರ್ಜೆನ್ಸಿಗೆ ಮೂಗಿನ ಮೂಲಕ ಫೆಂಟನಿಲ್ (ಓಪಿಯಾಯ್ಡ್, ಅಂದರೆ ಅಫೀಮು ವರ್ಗದ ಬಲವಾದ ನೋವುನಿವಾರಕ) ಕೊಡುವ ಪ್ರೋಟೋಕಾಲ್ ಬರೆಯುತ್ತಿದ್ದೇನೆ. ಮಕ್ಕಳ ಪುಟ ಬೇಗ ಮುಗಿಯಿತು. 20 ಕೆಜಿ ಮಗುವಿಗೆ ಕೆಜಿಗೆ 1.5 ಮೈಕ್ರೋಗ್ರಾಂ ಹಿಡಿದರೆ 30 ಮೈಕ್ರೋಗ್ರಾಂ, ಅಂದರೆ 0.6 ಎಂಎಲ್, ಒಂದು ಹೊಳ್ಳೆಗೆ 0.3. ದೊಡ್ಡವರ ಪುಟದಲ್ಲಿ ಸಿಕ್ಕಿಕೊಂಡಿದ್ದೇನೆ.

ನಮ್ಮಲ್ಲಿರುವುದು ಎಂಎಲ್‌ಗೆ 50 ಮೈಕ್ರೋಗ್ರಾಂ ಇರುವ 2 ಎಂಎಲ್ ಆಂಪೂಲ್ ಮಾತ್ರ. 80 ಕೆಜಿ ಗಂಡಸಿಗೆ ಅದೇ ಲೆಕ್ಕ ಹಾಕಿದರೆ 120 ಮೈಕ್ರೋಗ್ರಾಂ, 2.4 ಎಂಎಲ್. ಒಂದು ಹೊಳ್ಳೆಗೆ 1.2 ಎಂಎಲ್ ಹಾಕಿದರೆ ಅರ್ಧ ಗಂಟಲಿಗೇ ಇಳಿಯುತ್ತದೆ, ರೋಗಿ ಕಹಿ ಅಂತಾರೆ, ನೋವು ಮಾತ್ರ ಹಾಗೇ ಇರುತ್ತದೆ. ಕೇಳಬೇಕಾದದ್ದು ಇಷ್ಟು:

ಡೋಸ್ ಹೇಗೆ ಹಂಚಬೇಕು? ಅಟಮೈಸರ್ (ಸಿರಿಂಜ್ ತುದಿಗೆ ಸಿಕ್ಕಿಸಿ ಔಷಧವನ್ನು ತುಂತುರು ಮಾಡುವ ಸಾಧನ) ಬಳಸುವಾಗ ಎಲ್ಲಿ ತಪ್ಪಾಗುತ್ತದೆ? ಯಾರಿಗೆ ಕೊಡಲೇಬಾರದು? ಕೊಟ್ಟ ಮೇಲೆ ಎಷ್ಟು ಹೊತ್ತು ನೋಡಿಕೊಳ್ಳಬೇಕು? ರಿಜಿಸ್ಟರ್‌ನಲ್ಲಿ ಉಳಿದ ಔಷಧವನ್ನು ಹೇಗೆ ತೋರಿಸಬೇಕು?

ನಮಗೆ ಬರುವವರು ಹೆಚ್ಚಾಗಿ ಕಟ್ಟಡ ಕೆಲಸದವರು ಮತ್ತು ಬೈಕಿನಿಂದ ಬಿದ್ದವರು. ಮಣಿಕಟ್ಟು ಮುರಿದದ್ದು, ಭುಜದ ಕೀಲು ತಪ್ಪಿದ್ದು, ಕೈಮೇಲೆ ಬಿಸಿ ಡಾಂಬರು ಬಿದ್ದದ್ದು. ಕೈ ಸುಟ್ಟವರಿಗೆ ಸೂಜಿ ಹಾಕಲು ರಕ್ತನಾಳ ಹುಡುಕುವುದೇ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕೆ ಏನಾದರೂ ಬೇಕು.

---

ಅರಿವಳಿಕೆ_ಮುಂಬಯಿ

ಸಿಸ್ಟರ್, ಕೊನೆಯ ಸಾಲಿನಲ್ಲಿ ನೀವು ಬರೆದದ್ದನ್ನೇ ಪ್ರೋಟೋಕಾಲ್‌ನ ಮೊದಲ ಸಾಲು ಮಾಡಿ. ದೊಡ್ಡವರಲ್ಲಿ ಮೂಗಿನ ಫೆಂಟನಿಲ್ ಇರುವುದು ಆ ಹತ್ತು ನಿಮಿಷಕ್ಕೆ. ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕುವುದನ್ನು, ಕೈಗೆ ಪಟ್ಟಿ ಕಟ್ಟುವುದನ್ನು, ಎಕ್ಸ್‌ರೇ ಮೇಜಿನ ಮೇಲೆ ಮಲಗಿಸುವುದನ್ನು ರೋಗಿ ತಡೆದುಕೊಳ್ಳುವಂತೆ ಮಾಡುವುದು ಅದರ ಕೆಲಸ. ಐವಿಗೆ, ಅಂದರೆ ರಕ್ತನಾಳಕ್ಕೆ ಕೊಡುವ ಔಷಧಕ್ಕೆ, ಇದು ಬದಲಿ ಅಂತ ಬರೆದರೆ ವೈದ್ಯರು ಎರಡನೇ, ಮೂರನೇ ಡೋಸ್ ಮೂಗಿಗೇ ಸುರಿಯುತ್ತಾ ಹೋಗುತ್ತಾರೆ.

ಮೊದಲು ಮೂಗಿನ ಅಳತೆ. ಒಂದು ಹೊಳ್ಳೆಯ ಒಳಪದರ ಚೆನ್ನಾಗಿ ಹೀರಿಕೊಳ್ಳುವುದು 0.2ರಿಂದ 0.3 ಎಂಎಲ್. 0.5 ಎಂಎಲ್ ತನಕ ಪರವಾಗಿಲ್ಲ. 1 ಎಂಎಲ್ ಗರಿಷ್ಠ ಮಿತಿ. ಅದಕ್ಕಿಂತ ಹೆಚ್ಚಿನದು ಹಿಂದಕ್ಕೆ ಹರಿದು ಹೊಟ್ಟೆ ಸೇರುತ್ತದೆ. ಹೊಟ್ಟೆಗೆ ಹೋದ ಫೆಂಟನಿಲ್ ಕರುಳು ಮತ್ತು ಯಕೃತ್ತು ದಾಟಿ ರಕ್ತಕ್ಕೆ ಬರುವಾಗ ಸುಮಾರು ಮೂರನೇ ಒಂದು ಭಾಗ ಮಾತ್ರ ಉಳಿದಿರುತ್ತದೆ, ಅದೂ ತಡವಾಗಿ. ಮೂಗಿನಲ್ಲಿ ಹೀರಿದ್ದು ನೇರವಾಗಿ ರಕ್ತಕ್ಕೆ ಹೋಗುತ್ತದೆ. ಗಂಟಲಲ್ಲಿ ಕಹಿ ಅನ್ನಿಸಿತು ಅಂದರೆ ಡೋಸ್‌ನ ಒಂದು ಪಾಲು ಹೋಯಿತು ಅಂತಲೇ ಲೆಕ್ಕ.

ಈ ತೊಂದರೆ ನಮಗೆ ಮಾತ್ರ ಬಂದದ್ದಲ್ಲ. ಆಸ್ಟ್ರೇಲಿಯಾದಲ್ಲಿ ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಎಲ್‌ಗೆ 150 ಮೈಕ್ರೋಗ್ರಾಂ ಇರುವ ಗಟ್ಟಿ ದ್ರಾವಣ ಬಳಸಿದ್ದರು. ಆಂಪೂಲ್ ನಮ್ಮದು 50 ಆದ್ದರಿಂದ ಡೋಸ್ ಅನ್ನು ಹಂಚಿ ಕೊಡುವುದೇ ದಾರಿ.

ನಾನು ಹೇಳುವ ಲೆಕ್ಕ ಇದು. ಆರೋಗ್ಯವಂತ ವಯಸ್ಕರಿಗೆ ಕೆಜಿಗೆ 1.5 ಮೈಕ್ರೋಗ್ರಾಂ, ಮೊದಲ ಡೋಸ್ 100 ಮೈಕ್ರೋಗ್ರಾಂ ದಾಟಬಾರದು. 50 ಕೆಜಿಗೆ 75 ಮೈಕ್ರೋಗ್ರಾಂ, ಅಂದರೆ 1.5 ಎಂಎಲ್. 60 ಕೆಜಿಗೆ 90, ಅಂದರೆ 1.8 ಎಂಎಲ್. 67 ಕೆಜಿ ಮೇಲೆ ಎಷ್ಟೇ ತೂಕವಿದ್ದರೂ 100, ಒಂದು ಪೂರ್ತಿ ಆಂಪೂಲ್. ನಿಮ್ಮ 80 ಕೆಜಿಯವರಿಗೂ ಅಷ್ಟೇ. 2.4 ಎಂಎಲ್ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಆ 2 ಎಂಎಲ್ ಅನ್ನು ಒಂದೇ ಉಸಿರಿಗೆ ಹಾಕಬೇಡಿ. ಬಲಕ್ಕೆ 0.5, ಎಡಕ್ಕೆ 0.5. ಐದು ನಿಮಿಷ ಬಿಟ್ಟು ನೋವು ಕೇಳಿ, ಉಸಿರು ಎಣಿಸಿ, ಎಚ್ಚರವಾಗಿದ್ದರೆ ಮತ್ತೆ ಬಲಕ್ಕೆ 0.5, ಎಡಕ್ಕೆ 0.5. ಹೀಗೆ ಮಾಡಿದರೆ ಎರಡು ಲಾಭ. ಹೀರುವಿಕೆ ಚೆನ್ನಾಗಿ ಆಗುತ್ತದೆ. ಜೊತೆಗೆ, 50 ಮೈಕ್ರೋಗ್ರಾಂಗೇ ತೂಕಡಿಸುವ ರೋಗಿ ಇದ್ದರೆ ಇನ್ನರ್ಧ ಕೊಡುವ ಮೊದಲೇ ಗೊತ್ತಾಗುತ್ತದೆ.

65 ದಾಟಿದವರಿಗೆ, ಬಡಕಲು ಶರೀರದವರಿಗೆ, ಶ್ವಾಸಕೋಶದ ಕಾಯಿಲೆ ಇದ್ದವರಿಗೆ, ಕುಡಿದು ಬಂದವರಿಗೆ ಕೆಜಿಗೆ 0.5ರಿಂದ 0.75 ಮೈಕ್ರೋಗ್ರಾಂನಿಂದ ಶುರು ಮಾಡಿ. ಸೊಂಟ ಮುರಿದ ಅಜ್ಜಿಗೆ 25 ಮೈಕ್ರೋಗ್ರಾಂ, ಒಂದು ಹೊಳ್ಳೆಗೆ 0.25 ಎಂಎಲ್, ಸಾಕಾಗುತ್ತದೆ. ಆಮೇಲೆ ಫೇಷಿಯಾ ಇಲಿಯಾಕಾ ಬ್ಲಾಕ್ (ಸೊಂಟ, ತೊಡೆಯ ನೋವಿನ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್) ಕೊಡುವವರು ಯಾರಾದರೂ ಇದ್ದರೆ ಕರೆಯಿರಿ. ಆ ಅಜ್ಜಿಗೆ ಮುಂದಿನ ಎಂಟು ಗಂಟೆ ನೆಮ್ಮದಿ ಕೊಡುವುದು ಆ ಬ್ಲಾಕ್.

ಈಗ ಅಟಮೈಸರ್. ಹೆಚ್ಚಿನ ಸೋಲು ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸಿರಿಂಜ್ 1 ಎಂಎಲ್ ಅಥವಾ 3 ಎಂಎಲ್ ಇರಲಿ, ತಿರುಗಿಸಿ ಬಿಗಿಯುವ ಲ್ಯೂರ್ ಲಾಕ್ ಆಗಿರಲಿ. 5 ಎಂಎಲ್ ಸಿರಿಂಜ್‌ನ ಪ್ಲಂಜರ್ ಅಗಲ. ಹೆಬ್ಬೆರಳಿನಿಂದ ಅಷ್ಟೇ ಬಲ ಹಾಕಿದರೂ ಒತ್ತಡ ಕಡಿಮೆ ಹುಟ್ಟುತ್ತದೆ, ತುಂತುರು ಬರುವ ಬದಲು ಹನಿ ಬರುತ್ತದೆ. ಸುಮ್ಮನೆ ಒತ್ತಿ ಸಿಕ್ಕಿಸುವ ಸ್ಲಿಪ್ ಸಿರಿಂಜ್ ಆದರೆ ಜೋರಾಗಿ ಒತ್ತಿದಾಗ ಅಟಮೈಸರ್ ಕಿತ್ತುಕೊಂಡು ಔಷಧ ದಿಂಬಿನ ಮೇಲೆ ಬೀಳುತ್ತದೆ.

ಅಟಮೈಸರ್‌ನ ಒಳಗೆ ಸುಮಾರು 0.1 ಎಂಎಲ್ ಉಳಿದುಹೋಗುತ್ತದೆ. ದೊಡ್ಡವರಲ್ಲಿ ಅದು 5 ಮೈಕ್ರೋಗ್ರಾಂ, ತಲೆಕೆಡಿಸಿಕೊಳ್ಳುವಷ್ಟಲ್ಲ. ಅಜ್ಜಿಯ 0.5 ಎಂಎಲ್‌ನಲ್ಲಿ ಮಾತ್ರ ಅದು ಐದನೇ ಒಂದು ಪಾಲು, ಅಲ್ಲಿ 0.1 ಹೆಚ್ಚಿಗೆ ಎಳೆದುಕೊಳ್ಳಿ. ಎರಡು ಸಿರಿಂಜ್ ತುಂಬಿಸಿ ಒಂದೇ ಅಟಮೈಸರ್‌ಗೆ ಬದಲಿಸುತ್ತಾ ಹೋದರೆ ಈ ನಷ್ಟ ಒಂದು ಸಲ ಮಾತ್ರ ಆಗುತ್ತದೆ. ಒಂದೇ ಸಿರಿಂಜ್‌ನಲ್ಲಿ ಪೂರ್ತಿ ಎಳೆದರೆ ಗಡಿಬಿಡಿಯಲ್ಲಿ ಎಲ್ಲವೂ ಒಂದೇ ಹೊಳ್ಳೆಗೆ ಹೋಗುವುದುಂಟು. ಅದಕ್ಕೇ ಎರಡು ಸಿರಿಂಜ್ ವಾಸಿ.

ರೋಗಿ ಒರಗಿ ಕೂತಿರಲಿ, ಅಥವಾ ತಲೆದಿಂಬು ಸ್ವಲ್ಪ ಎತ್ತರ ಮಾಡಿ. ಕತ್ತು ಹಿಂದಕ್ಕೆ ಚೆಲ್ಲಿದರೆ ಎಲ್ಲವೂ ಗಂಟಲಿಗೆ. ಇನ್ನೊಂದು ಕೈ ತಲೆಯ ಹಿಂದೆ ಆಧಾರಕ್ಕಿರಲಿ. ಅಟಮೈಸರ್‌ನ ಮೆತ್ತನೆಯ ಬಿರಡೆ ಹೊಳ್ಳೆಯನ್ನು ಪೂರ್ತಿ ಮುಚ್ಚುವಂತೆ ಒತ್ತಿ. ತುದಿಯನ್ನು ಮೇಲಕ್ಕೆ ಮತ್ತು ಹೊರಕ್ಕೆ, ಅದೇ ಬದಿಯ ಕಿವಿಯ ಮೇಲ್ತುದಿಯ ಕಡೆ ತಿರುಗಿಸಿ. ನೆಟ್ಟಗೆ ಹಿಡಿದರೆ ನಡುವಿನ ಗೋಡೆಗೆ ಬಡಿದು ಹರಿಯುತ್ತದೆ. ಆಮೇಲೆ ಒಂದೇ ಸಲಕ್ಕೆ, ಚುರುಕಾಗಿ, ಗಟ್ಟಿಯಾಗಿ ಒತ್ತಿ. ನಿಧಾನ ಒತ್ತುವುದು ದಯೆಯಂತೆ ಕಾಣುತ್ತದೆ, ಆದರೆ ಔಷಧ ಹನಿಯಾಗಿ ಹರಿದುಹೋಗುವುದು ಅದರಿಂದಲೇ.

ಹೊಸಬರಿಗೆ ಕಲಿಸುವಾಗ ಸಲೈನ್ ತುಂಬಿಸಿ ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದು ಒತ್ತಿಸಿ. ಮೊದಲು ಮೆಲ್ಲಗೆ: ತುದಿಯಲ್ಲಿ ಗುಂಡನೆಯ ಹನಿ ಕಟ್ಟಿ ತೊಟ್ಟಿಕ್ಕುತ್ತದೆ. ಆಮೇಲೆ ಜೋರಾಗಿ: ಬಿಳಿ ಕೊಡೆಯಂತೆ ಮಂಜು ಅರಳಿ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಎಷ್ಟು ಬಲ ಬೇಕು ಅಂತ ಹೆಬ್ಬೆರಳಿಗೆ ಗೊತ್ತಾಗಲು ಎರಡು ಸಲ ಸಾಕು.

ಒಂದು ಮುಖ್ಯ ಮಾತು. ಇಂಜೆಕ್ಷನ್‌ಗೆಂದು ಬಂದ ಔಷಧವನ್ನು ಮೂಗಿಗೆ ಕೊಡುವುದು ಲೇಬಲ್ಲಿನಲ್ಲಿ ಇಲ್ಲದ ಬಳಕೆ. ಆಸ್ಪತ್ರೆಯ ಔಷಧ ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ.

---

ಮಡಗಾಂವ್_ಎಮರ್ಜೆನ್ಸಿ

ಮೇಲಿನ ಡೋಸ್ ಸರಿಯಾಗಿದೆ. ಯಾರಿಗೆ ಕೊಡಬಾರದು ಅನ್ನುವುದನ್ನು ನಾನು ಬರೆಯುತ್ತೇನೆ, ಗೋವಾದಲ್ಲಿ ಸ್ಕೂಟರ್ ಅಪಘಾತದವರೇ ಹೆಚ್ಚು ಬರುವುದರಿಂದ ಈ ಪಟ್ಟಿ ದಿನವೂ ಬೇಕಾಗುತ್ತದೆ.

ಹೆಲ್ಮೆಟ್ ಇಲ್ಲದೆ ಬಿದ್ದವರ ಮುಖ ನೋಡಿ. ಮೂಗಿನಿಂದ ರಕ್ತ ಬರುತ್ತಿದ್ದರೆ ಕೊಡಬೇಡಿ, ರಕ್ತ ಔಷಧವನ್ನು ತೊಳೆದುಕೊಂಡು ಹೋಗುತ್ತದೆ. ಮುಖದ ನಡುಭಾಗ ಒಡೆದಿದ್ದರೆ, ಕಣ್ಣಿನ ಸುತ್ತ ಕಪ್ಪಾಗಿದ್ದರೆ, ಮೂಗಿನಿಂದ ನೀರಿನಂಥದ್ದು ಇಳಿಯುತ್ತಿದ್ದರೆ ತಲೆಬುರುಡೆಯ ತಳ ಬಿರುಕುಬಿಟ್ಟಿರಬಹುದು, ಮೂಗಿನ ಹತ್ತಿರವೇ ಹೋಗಬೇಡಿ. ಮಂಪರಿನಲ್ಲಿದ್ದರೆ, ಕರೆದರೆ ಸರಿಯಾಗಿ ಉತ್ತರ ಕೊಡದಿದ್ದರೆ, ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ, ಉಸಿರು ನಿಮಿಷಕ್ಕೆ 10ಕ್ಕಿಂತ ಕಡಿಮೆ ಇದ್ದರೆ ಬೇಡ. ಖಿನ್ನತೆಗೆ ಎಂಎಒ ಎಂಬ ಕಿಣ್ವವನ್ನು ತಡೆಯುವ ಮಾತ್ರೆ ತೆಗೆದುಕೊಳ್ಳುವವರಿಗೂ ಬೇಡ.

ನೆಗಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಂಕಣ ಕರಾವಳಿಯಲ್ಲಿ ಅರ್ಧಕ್ಕರ್ಧ ಜನರ ಮೂಗು ಕಟ್ಟಿರುತ್ತದೆ. ಒಂದೊಂದೇ ಹೊಳ್ಳೆ ಮುಚ್ಚಿಸಿ ಉಸಿರಾಡಿಸಿ ನೋಡಿ, ಸಿಂಬಳ ತೆಗೆಸಿ, ತೆರೆದಿರುವ ಬದಿಗೇ ಹೆಚ್ಚು ಕೊಡಿ, ಅಲ್ಲಿಯೂ 0.5 ಎಂಎಲ್ ಮೀರದಂತೆ. ಕಟ್ಟಿದ ಮೂಗು ಬಿಡಿಸಲು ಕ್ಸೈಲೋಮೆಟಜೋಲಿನ್ ಹನಿ ಹಾಕಿಕೊಂಡು ಬಂದಿದ್ದಾರಾ ಅಂತಲೂ ಕೇಳಿ. ಆ ಹನಿ ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಔಷಧ ಹೀರುವುದು ಕಡಿಮೆಯಾಗುತ್ತದೆ. ಮೂಗು ತೆರೆದಿದೆ ಅಂತ ಮೋಸಹೋಗಬಾರದು.

ಸಣ್ಣ ದವಾಖಾನೆಯಿಂದ ಕಳಿಸಿಕೊಟ್ಟವರ ಚೀಟಿಯನ್ನು ತಪ್ಪದೆ ಓದಿ. ನೋವಿಗೆ ಪೆಂಟಜೋಸಿನ್ ಮತ್ತು ಪ್ರೊಮೆಥಜೀನ್ ಜೋಡಿ ಕೊಟ್ಟಿರುವುದು ಇನ್ನೂ ಸಾಮಾನ್ಯ. ಪೆಂಟಜೋಸಿನ್ ಓಪಿಯಾಯ್ಡ್ ಗ್ರಾಹಕಕ್ಕೆ ಅಂಟಿಕೊಂಡು ಫೆಂಟನಿಲ್‌ಗೆ ಅಡ್ಡ ಕೂರುತ್ತದೆ, ಪ್ರೊಮೆಥಜೀನ್ ನಿದ್ದೆ ಹೆಚ್ಚಿಸುತ್ತದೆ. ನೋವು ಇಳಿಯುವುದಿಲ್ಲ, ಮಂಪರು ಮಾತ್ರ ಏರುತ್ತದೆ. ಅಂಥವರಿಗೆ ಡೋಸ್ ಏರಿಸುತ್ತಾ ಹೋಗುವುದು ಅಪಾಯ, ನರದ ಬ್ಲಾಕ್ ಅಥವಾ ಕೆಟಮಿನ್ (ಬೇರೆ ರೀತಿಯಲ್ಲಿ ನೋವು ಇಳಿಸುವ ಅರಿವಳಿಕೆ ಔಷಧ) ಕಡೆ ಹೋಗಿ. ಬ್ಯುಟಾರ್ಫನಾಲ್ ಮೂಗಿನ ಸ್ಪ್ರೇ ಹಾಕಿಕೊಂಡವರಿಗೂ ಇದೇ ಮಾತು.

ಎಲ್ಲ ನೋವಿಗೂ ಇದೇ ಮೊದಲ ಮದ್ದು ಅಲ್ಲ. ಮೂತ್ರಪಿಂಡದ ಕಲ್ಲಿನ ನೋವಿಗೆ ಡೈಕ್ಲೋಫೆನಾಕ್ 75 ಮಿಗ್ರಾಂ ಮೊದಲು, ಅದು ಕೆಲಸ ಶುರು ಮಾಡುವ ತನಕ ತಡೆಯಲಾಗದಿದ್ದರೆ ಮಾತ್ರ ಮೂಗಿಗೆ. ಬಲೆ ಬಿಡಿಸುವಾಗ ತೊರಕೆ ಮೀನಿನ ಮುಳ್ಳು ಚುಚ್ಚಿಸಿಕೊಂಡು ಬಂದವರ ಕಾಲನ್ನು ಸುಡದಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಇಡಿಸಿ. ಅದರ ನಂಜು ಶಾಖಕ್ಕೆ ಕೆಡುತ್ತದೆ, ಬಹಳ ಜನರಿಗೆ ಅಷ್ಟರಲ್ಲೇ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಅವರ ಇನ್ನೊಂದು ಕಾಲಿನಿಂದ ನೋಡಿಸಿ, ನೊಂದ ಕಾಲಿಗೆ ಸುಡುವುದು ಗೊತ್ತಾಗದೆ ಹೋಗಬಹುದು.

ಕೊಟ್ಟ ಮೇಲೆ: ಬೆರಳಿಗೆ ಆಕ್ಸಿಮೀಟರ್ ಇದ್ದೇ ಇರಲಿ. 5, 10, 15, 20, 30ನೇ ನಿಮಿಷಕ್ಕೆ ನೋವಿನ ಅಂಕ, ಉಸಿರಿನ ಎಣಿಕೆ, ಬಿಪಿ, ಎಚ್ಚರ ಬರೆಯಿರಿ. ಆಕ್ಸಿಮೀಟರ್ ಒಂದನ್ನೇ ನಂಬಬೇಡಿ. ಮೂಗಿಗೆ ಆಕ್ಸಿಜನ್ ಹಾಕಿದ್ದರೆ ಉಸಿರು ನಿಮಿಷಕ್ಕೆ 6ಕ್ಕೆ ಇಳಿದರೂ ಆಕ್ಸಿಮೀಟರ್ 98 ತೋರಿಸುತ್ತಿರಬಹುದು. ಎದೆ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಕೆಲಸ ಶುರುವಾಗುವುದು ಐದರಿಂದ ಹತ್ತು ನಿಮಿಷಕ್ಕೆ, ಉಳಿಯುವುದು ಅರ್ಧ ಗಂಟೆಯಿಂದ ಒಂದು ಗಂಟೆ. ಕೊನೆಯ ಡೋಸ್ ಆದ ಮೇಲೆ ಒಂದು ಗಂಟೆಯಾದರೂ ಕಣ್ಣಳತೆಯಲ್ಲಿರಲಿ. ಆ ದಿನ ಗಾಡಿ ಓಡಿಸಬಾರದು ಅಂತ ಜೊತೆಗೆ ಬಂದವರಿಗೂ ಹೇಳಿ.

ಅಪಾಯದ ಹೊತ್ತು ಇನ್ನೊಂದಿದೆ. ತಪ್ಪಿದ ಭುಜ ಕೂರಿಸಿದ ಮರುಕ್ಷಣ ನೋವು ನಿಂತುಹೋಗುತ್ತದೆ. ಅಲ್ಲಿಯ ತನಕ ನೋವೇ ಉಸಿರನ್ನು ಎಳೆಸುತ್ತಿರುತ್ತದೆ. ನೋವು ಹೋಯಿತು, ಫೆಂಟನಿಲ್ ಉಳಿಯಿತು, ಉಸಿರು ಕುಸಿಯಿತು. ಎಲ್ಲರೂ ಮುಗಿಯಿತೆಂದು ಮಂಚ ಬಿಟ್ಟು ಹೋಗುವುದೂ ಆಗಲೇ. ಕೀಲು ಕೂರಿಸಿದ ಮೇಲಿನ ಹದಿನೈದು ನಿಮಿಷ ಒಬ್ಬರು ಪಕ್ಕದಲ್ಲೇ ನಿಲ್ಲಬೇಕು ಅಂತ ಪ್ರೋಟೋಕಾಲ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಉಸಿರು ಇಳಿದರೆ ಮೊದಲು ಭುಜ ತಟ್ಟಿ ಎಬ್ಬಿಸಿ, ಗದ್ದ ಎತ್ತಿ, ಆಕ್ಸಿಜನ್, ಬೇಕಾದರೆ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್. ಆಮೇಲೆ ಫೆಂಟನಿಲ್‌ಗೆ ಪ್ರತಿಮದ್ದಾದ ನಲೋಕ್ಸೋನ್. ನಮ್ಮ ಆಂಪೂಲ್ 1 ಎಂಎಲ್‌ನಲ್ಲಿ 0.4 ಮಿಗ್ರಾಂ. ಕ್ಯಾನುಲಾ ಇದ್ದರೆ ಅದಕ್ಕೆ 9 ಎಂಎಲ್ ಸಲೈನ್ ಸೇರಿಸಿ 10 ಮಾಡಿ, 1 ಎಂಎಲ್‌ನಂತೆ ಎರಡು ಮೂರು ನಿಮಿಷಕ್ಕೊಮ್ಮೆ, ಉಸಿರು ಬರುವಷ್ಟು ಮಾತ್ರ. ಪೂರ್ತಿ ಒಮ್ಮೆಲೇ ಕೊಟ್ಟರೆ ಮುರಿದ ಮೂಳೆಯ ನೋವೆಲ್ಲ ಒಟ್ಟಿಗೆ ಮರಳಿ ಬರುತ್ತದೆ. ಕ್ಯಾನುಲಾ ಇಲ್ಲದಿದ್ದರೆ? ಬೇರೆ ದೇಶಗಳಲ್ಲಿ ಮೂಗಿಗೆ ನಲೋಕ್ಸೋನ್ ಕೊಡುತ್ತಾರಲ್ಲ ಅಂತ ಕೇಳುತ್ತಾರೆ. ನಮ್ಮ ಆಂಪೂಲ್‌ನಿಂದ 2 ಮಿಗ್ರಾಂ ಕೊಡಲು 5 ಎಂಎಲ್ ಬೇಕು, ಮೂಗಿನಲ್ಲಿ ಅಷ್ಟು ಜಾಗವಿಲ್ಲ. ತೊಡೆಗೆ 0.4 ಮಿಗ್ರಾಂ ಚುಚ್ಚಿ. ಇದಕ್ಕೇ ನಾನು ಹೇಳುವುದು, ನೋವು ಸ್ವಲ್ಪ ಇಳಿದ ಕೂಡಲೇ ಕ್ಯಾನುಲಾ ಹಾಕಿಬಿಡಿ.

---

ಔಷಧಿಕಟ್ಟೆ_ಠಾಣೆ

ರಿಜಿಸ್ಟರ್ ವಿಷಯ ನನ್ನದು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಅಗತ್ಯ ಮಾದಕ ಔಷಧಗಳೆಂಬ ವರ್ಗ ಬಂತು. 2015ರಲ್ಲಿ ಅದರೊಳಗೆ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್, ಕೋಡೀನ್ ಸೇರಿದವು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಅನ್ನುವ ಪತ್ರ ರಾಜ್ಯದ ಔಷಧ ನಿಯಂತ್ರಕರಿಂದ ಬರಬೇಕು. ಪುಣೆಗೆ, ಮುಂಬಯಿಗೆ ಅದು ಮಹಾರಾಷ್ಟ್ರದ ಎಫ್‌ಡಿಎ. ಆಪರೇಷನ್ ಥಿಯೇಟರ್‌ಗೆ ಫೆಂಟನಿಲ್ ಬರುತ್ತಿದೆ ಅಂದರೆ ಈ ಪತ್ರ ನಿಮ್ಮಲ್ಲಿ ಇರಲೇಬೇಕು. ಎಮರ್ಜೆನ್ಸಿಗೆ ಪ್ರತ್ಯೇಕ ಎರಡು ಬೀಗದ ಕಪಾಟು ಮತ್ತು ಪ್ರತ್ಯೇಕ ಪುಸ್ತಕ ಮಾಡಿಕೊಳ್ಳಿ, ಥಿಯೇಟರ್‌ನಿಂದ ಸಾಲ ತರುವ ಪದ್ಧತಿ ಬೇಡ. ಎರಡು ಕಡೆಯ ಲೆಕ್ಕವೂ ಅಲ್ಲಿಂದಲೇ ಕೆಡುವುದು.

ಒಂದು ಆಂಪೂಲ್ ಒಡೆದು 75 ಮೈಕ್ರೋಗ್ರಾಂ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಪುಸ್ತಕದಲ್ಲಿ: ತೆಗೆದದ್ದು 100, ಮೂಗಿಗೆ ಕೊಟ್ಟದ್ದು 75, ಚೆಲ್ಲಿದ್ದು 25, ಹೊತ್ತು, ಕೊಟ್ಟವರ ಸಹಿ, ಚೆಲ್ಲುವುದನ್ನು ಕಣ್ಣಾರೆ ಕಂಡವರ ಸಹಿ. ಅಟಮೈಸರ್‌ನಲ್ಲಿ ಉಳಿದ 0.1 ಎಂಎಲ್ ಕೊಟ್ಟ ಲೆಕ್ಕಕ್ಕೇ ಸೇರಲಿ, ಅದನ್ನು ಬೇರೆ ಬರೆಯಲು ಹೋದರೆ ಯಾವತ್ತೂ ತಾಳೆಯಾಗುವುದಿಲ್ಲ. ಎರಡನೇ ಕಂತಿಗೆಂದು ಉಳಿಸಿದ ಸಿರಿಂಜ್ ಟ್ರೇಯಲ್ಲೇ, ರೋಗಿಯ ಪಕ್ಕದಲ್ಲೇ ಇರಲಿ, ಜೇಬಿಗೆ ಹೋಗಬಾರದು. ಖಾಲಿ ಆಂಪೂಲ್ ವಾಪಸ್ ಕೊಟ್ಟರೆ ಮಾತ್ರ ಹೊಸದು.

10 ಎಂಎಲ್ ಬಾಟಲಿಯನ್ನು ಎಮರ್ಜೆನ್ಸಿ ಕಪಾಟಿನಲ್ಲಿ ಇಡಲೇಬೇಡಿ. ಸಾಂದ್ರತೆ ಅದೇ 50, ಆದರೆ ಒಳಗಿರುವುದು 500 ಮೈಕ್ರೋಗ್ರಾಂ. ಉಳಿದದ್ದನ್ನು ಚೆಲ್ಲುವ ಲೆಕ್ಕವೂ ದೊಡ್ಡದು, ತಪ್ಪಿದರೆ ಅಪಾಯವೂ ದೊಡ್ಡದು.

ಲೇಬಲ್. ಲ್ಯೂರ್ ಲಾಕ್ ಸಿರಿಂಜ್ ಕ್ಯಾನುಲಾಗೂ ಸರಿಯಾಗಿ ಕೂರುತ್ತದೆ. ಮೂಗಿಗೆಂದು ತುಂಬಿಸಿದ 100 ಮೈಕ್ರೋಗ್ರಾಂ ಅನ್ನು ಗೊತ್ತಿಲ್ಲದವರು ಒಮ್ಮೆಲೇ ರಕ್ತನಾಳಕ್ಕೆ ತಳ್ಳಿಬಿಟ್ಟರೆ ಉಸಿರು ನಿಲ್ಲಬಹುದು. ತುಂಬಿಸಿದ ಕೂಡಲೇ ಮೊದಲ ಸಿರಿಂಜ್‌ಗೆ ಅಟಮೈಸರ್ ಸಿಕ್ಕಿಸಿ ಇಡಿ, ಎರಡು ಸಿರಿಂಜ್‌ಗಳ ಮೇಲೂ ಚೀಟಿ ಅಂಟಿಸಿ. ನಿಮ್ಮ ವಾರ್ಡಿನಲ್ಲಿ ಮರಾಠಿ ಓದುವವರೇ ಹೆಚ್ಚು ಅಲ್ಲವೇ, ದೊಡ್ಡದಾಗಿ ‘ಫಕ್ತ ನಾಕಾತ್’ (ಮೂಗಿಗೆ ಮಾತ್ರ) ಅಂತ ಮರಾಠಿ ಅಕ್ಷರದಲ್ಲೇ ಬರೆಸಿ.

ಮೇಲೆ ಕೆಟಮಿನ್ ಹೆಸರು ಬಂತು. ಎಂಎಲ್‌ಗೆ 50 ಮಿಗ್ರಾಂ ಇರುವ ಬಾಟಲಿ ಸಿಗುತ್ತದೆ. 70 ಕೆಜಿಯವರಿಗೆ ಕೆಜಿಗೆ 0.75 ಮಿಗ್ರಾಂ ಹಿಡಿದರೆ ಹತ್ತಿರ ಹತ್ತಿರ 1 ಎಂಎಲ್, ಅಂದರೆ ಮೂಗಿಗೆ ಫೆಂಟನಿಲ್‌ಗಿಂತ ಸಲೀಸು. ತಲೆ ತಿರುಗುವುದು, ಎಲ್ಲವೂ ದೂರ ಸರಿದಂತೆ ಅನ್ನಿಸುವುದು ಇದ್ದೇ ಇರುತ್ತದೆ, ಮೊದಲೇ ಹೇಳಿಡಬೇಕು. ಅದು ಶೆಡ್ಯೂಲ್ ಎಕ್ಸ್, ಅಂದರೆ ಕಟ್ಟುನಿಟ್ಟಿನ ನಿಯಂತ್ರಣದ ಔಷಧಗಳ ಪಟ್ಟಿಯಲ್ಲಿದೆ, ಅದಕ್ಕೂ ಬೀಗ ಮತ್ತು ಪುಸ್ತಕ ತಪ್ಪುವುದಿಲ್ಲ.

---

ತುರ್ತುಕೋಣೆ_ಪುಣೆ

ಮೂವರಿಗೂ ಬಹಳ ಉಪಕಾರ ಆಯ್ತು. ಭುಜ ಕೂರಿಸಿದ ಮೇಲಿನ ಹದಿನೈದು ನಿಮಿಷ ನಮ್ಮ ಕರಡಿನಲ್ಲಿ ಇರಲೇ ಇಲ್ಲ, ಸೇರಿಸಿದೆ.

ಇನ್ನೊಂದು ಪ್ರಶ್ನೆ ಉಳೀತ್ರೀ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಕೇಳಿದರೆ ಕಲಬುರಗಿ, ವಿಜಯಪುರ ಕಡೆಯಿಂದ ಕೆಲಸಕ್ಕೆ ಬಂದವರು ‘ಭಾಳ ಬ್ಯಾನಿ ಆಗೇದ್ರಿ’ ಅಂತಾರೆ, ಅಂಕ ಹೇಳಂಗಿಲ್ಲ. ಅಂಕ ಇಲ್ಲದೆ ಎರಡನೇ ಕಂತು ಕೊಡಬೇಕೋ ಬೇಡವೋ ಹೇಗೆ ನಿರ್ಧರಿಸೋದು?

---

ಅರಿವಳಿಕೆ_ಮುಂಬಯಿ

ರೂಪಾಯಿ ಲೆಕ್ಕದಲ್ಲಿ ಕೇಳಿ ಸಿಸ್ಟರ್. ‘ಬಂದಾಗ ಬ್ಯಾನಿ ಹದಿನಾರಾಣೆ ಇತ್ತು ಅಂತ ತಿಳೀರಿ, ಈಗ ಎಷ್ಟಾಣೆ ಉಳೀತು?’ ವಯಸ್ಸಾದವರು ತಕ್ಷಣ ಹೇಳುತ್ತಾರೆ: ಎಂಟಾಣೆ, ನಾಲ್ಕಾಣೆ. ಹುಡುಗರಾದರೆ ನೂರು ರೂಪಾಯಿಯಲ್ಲಿ ಎಷ್ಟು ಅಂತ ಕೇಳಿ. ಬಂದಾಗಿನ ನೋವೇ ಅಳತೆಗೋಲು ಆಗುವುದರಿಂದ ಇಳಿತ ಸ್ಪಷ್ಟವಾಗಿ ಸಿಗುತ್ತದೆ.

ಅದರ ಜೊತೆ ಒಂದು ಕೆಲಸ ಮಾಡಿಸಿ ನೋಡಿ. ಬೆರಳು ಅಲ್ಲಾಡಿಸಲು ಹೇಳಿ, ಪಟ್ಟಿ ಕಟ್ಟುವವರು ಕೈ ಎತ್ತಲಿ. ಸುಮ್ಮನೆ ಮಲಗಿದಾಗ ನಾಲ್ಕಾಣೆ ಅಂದವರು ಕೈ ಎತ್ತಿದಾಗ ಚೀರಿದರೆ ಎರಡನೇ ಕಂತು ಬೇಕು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ನಡುವೆ ಕಣ್ಣು ಮುಚ್ಚುತ್ತಿದ್ದರೆ ಹದಿನಾರಾಣೆ ಅಂದರೂ ಕೊಡಬೇಡಿ.

ಎರಡೂ ಕಂತು ಆಗಿ ಹತ್ತು ನಿಮಿಷ ಕಳೆದರೂ ಎಂಟಾಣೆಗಿಂತ ಹೆಚ್ಚು ಉಳಿದಿದ್ದರೆ ಇನ್ನೊಂದೇ ಸಲ 50 ಮೈಕ್ರೋಗ್ರಾಂ, ಅದೇ ಹಂಚಿಕೆಯಲ್ಲಿ. ಅಲ್ಲಿಗೆ ಮೂಗಿನ ಕೆಲಸ ಮುಗಿಯಿತು. ಇಷ್ಟರಲ್ಲಿ ಐವಿ ಪ್ಯಾರಾಸಿಟಮಾಲ್ 1 ಗ್ರಾಂ ಓಡುತ್ತಿರಬೇಕು, ಹದಿನೈದು ನಿಮಿಷ ಹಿಡಿಯುತ್ತದೆ. ಫೆಂಟನಿಲ್ ಇಳಿಯುವ ಹೊತ್ತಿಗೆ ಅದು ಏರಿರಬೇಕು, ಇಲ್ಲದಿದ್ದರೆ ಮುಕ್ಕಾಲು ಗಂಟೆಗೆ ರೋಗಿ ಮತ್ತೆ ಮೊದಲಿನ ನೋವಿಗೆ ಬರುತ್ತಾರೆ, ಎಕ್ಸ್‌ರೇ ಕೋಣೆಯ ಸಾಲಿನಲ್ಲಿ ಕೂತಿರುವಾಗಲೇ.

ಕೊಟ್ಟ ಹೊತ್ತನ್ನು ಕಾಗದದಲ್ಲಿ ಬರೆದರೆ ಸಾಲದು. ಅಂಟುವ ಪಟ್ಟಿಯ ಮೇಲೆ ಬರೆದು ರೋಗಿಯ ನೋವಿಲ್ಲದ ಕೈಗೆ ಹಚ್ಚಿ: ಫೆಂಟನಿಲ್, ಮೂಗು, 50, 4.10, ಫೆಂಟನಿಲ್, ಮೂಗು, 50, 4.15. ಕಾಗದ ಬಿಲ್ಲಿಂಗ್ ಕೌಂಟರ್‌ಗೆ ಹೋಗಿರುತ್ತದೆ, ಕೈ ರೋಗಿಯ ಜೊತೆಗೇ ಇರುತ್ತದೆ.